ಎರಡು ನೀರು, ಎರಡು ಪಿಎಚ್

ತಮ್ಮ: ಅಕ್ಕ, ನಿನ್ನ ಹವಳದ ತೊಟ್ಟಿಯ ಪಿಎಚ್ 7.92ಕ್ಕೆ ಇಳಿದಿದೆ, ನೋಡಿದೆಯಾ? ಸಮುದ್ರದ ನೀರು 8.1, 8.2 ಇರಬೇಕು ಅಂತಾರೆ. ನನ್ನದು ಹೀಗೆ ಇಳಿದರೆ ಆಫೀಸಿನಲ್ಲಿ ಕೂತಿದ್ದರೂ ಮನಸ್ಸು ತೊಟ್ಟಿಯ ಹತ್ತಿರವೇ ಇರುತ್ತದೆ. ಕ್ಯಾಲ್ಸಿಯಂ ರಿಯಾಕ್ಟರ್ ಕೂರಿಸಿದ ಮೇಲಂತೂ ದಿನವೂ ಇದೇ ಚಿಂತೆ.

ಅಕ್ಕ: ಈಗ ಗಂಟೆ ಎಷ್ಟು? ಬೆಳಿಗ್ಗೆ ಏಳೂವರೆ. ತೊಟ್ಟಿಯ ದೀಪ ಹತ್ತುವುದು ಹತ್ತಕ್ಕೆ. ರಾತ್ರಿಯಿಡೀ ಮೀನು, ಹವಳ, ಮರಳಿನೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಉಸಿರು ಬಿಟ್ಟಿವೆ. ಆ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಉಳಿದಿದೆ, ಅದರ ಮೇಲೆ ರಿಯಾಕ್ಟರ್‌ನಿಂದ ಬಂದದ್ದೂ ಸೇರಿದೆ. ಹಾಗಾಗಿ ದಿನದ ಅತಿ ಕಡಿಮೆ ಪಿಎಚ್ ಸಿಗುವುದು ದೀಪ ಹತ್ತುವ ಸ್ವಲ್ಪ ಮೊದಲು. ದೀಪ ಹತ್ತಿದರೆ ಹವಳದ ಮೈಯೊಳಗಿರುವ ಸೂಕ್ಷ್ಮ ಪಾಚಿ ಆ ಅನಿಲವನ್ನು ಎಳೆದುಕೊಳ್ಳಲು ಶುರು ಮಾಡುತ್ತದೆ, ಪಿಎಚ್ ಏರುತ್ತದೆ. ಸಂಜೆ ಹೊತ್ತಿಗೆ ಇದೇ ನೀರು 8.15ರ ಹತ್ತಿರ ಇರುತ್ತದೆ. ಹಗಲು ರಾತ್ರಿಯ ನಡುವೆ 0.2, 0.3ರ ಏರಿಳಿತ ಇದ್ದೇ ಇರುತ್ತದೆ. ನೀನು ನೋಡಿದ ಅಂಕಿಯ ಪಕ್ಕದಲ್ಲಿ ಗಂಟೆಯನ್ನೂ ಬರೆಯದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ತಮ್ಮ: ಹಾಗಾದರೆ ರಿಯಾಕ್ಟರ್‌ನಿಂದ ಪಿಎಚ್ ಇಳಿಯುವುದಿಲ್ಲ ಅಂತಲಾ?

ಅಕ್ಕ: ಇಳಿಯುತ್ತದೆ. ಇಳಿಯದೆ ಅದು ಕೆಲಸ ಮಾಡಲು ಸಾಧ್ಯವೇ ಇಲ್ಲ. ಕೈಯಲ್ಲಿ ಎರಡು ಬಾಟಲಿ ದ್ರಾವಣ ಹಾಕುತ್ತಿದ್ದಾಗ ಈ ಪ್ರಶ್ನೆ ನಿನಗೆ ಬರಲಿಲ್ಲ, ಈಗ ಬಂದಿದೆ. ಮೊದಲು ಈ ಕೊಳವೆಯೊಳಗೆ ಏನಾಗುತ್ತಿದೆ ಅಂತ ತಿಳಿದುಕೋ. ಇದರಲ್ಲಿ ತುಂಬಿರುವುದು ಸತ್ತ ಹವಳದ ತುಂಡುಗಳು, ಅರಗೊನೈಟ್ ರೂಪದ ಕ್ಯಾಲ್ಸಿಯಂ ಕಾರ್ಬೊನೇಟ್. ಇದನ್ನೇ ಮೀಡಿಯಾ ಅನ್ನುವುದು. ತೊಟ್ಟಿಯ ನೀರಿನಲ್ಲಿ ಅದು ಕರಗುವುದಿಲ್ಲ. ಕೊಳವೆಯೊಳಗೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ನೀರನ್ನು ಹುಳಿ ಮಾಡಿದರೆ, ಪಿಎಚ್ 6.5, 6.7ಕ್ಕೆ ಬಂದಾಗ, ಚೆನ್ನಾಗಿ ಕರಗುತ್ತದೆ. ಕರಗಿದ್ದು ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಆಗಿ ಹನಿಹನಿಯಾಗಿ, ತೊಟ್ಟಿಗೆ ಜೋಡಿಸಿದ ಸಂಪು ಎಂಬ ಸಣ್ಣ ತೊಟ್ಟಿಗೆ ಬೀಳುತ್ತದೆ. ಹವಳ ಅದೇ ಕ್ಯಾಲ್ಸಿಯಂ, ಅದೇ ಬೈಕಾರ್ಬೊನೇಟ್ ತೆಗೆದುಕೊಂಡು ತನ್ನ ಎಲುಬು ಕಟ್ಟುತ್ತದೆ. ಕಟ್ಟುವಾಗ ಕೊಳವೆಯೊಳಗಿನ ಕ್ರಿಯೆಯೇ ತಿರುಗಿ ನಡೆಯುತ್ತದೆ, ಕಾರ್ಬನ್ ಡೈಆಕ್ಸೈಡ್ ಮತ್ತೆ ಬಿಡುಗಡೆಯಾಗುತ್ತದೆ. ಅಂದರೆ ಸಿಲಿಂಡರ್‌ನಿಂದ ನೀನು ಒಳಗೆ ಬಿಟ್ಟಿದ್ದರಲ್ಲಿ ಪಾಚಿ ತಿಂದದ್ದು ಬಿಟ್ಟು ಮಿಕ್ಕಿದ್ದೆಲ್ಲ ಎಂದಾದರೂ ತೊಟ್ಟಿಯಿಂದ ಗಾಳಿಗೆ ಹೋಗಲೇಬೇಕು. ಹೋಗುವ ದಾರಿ ಸಲೀಸಾಗಿದ್ದರೆ ಪಿಎಚ್ ಸ್ವಲ್ಪ ಮಾತ್ರ ಇಳಿಯುತ್ತದೆ. ದಾರಿ ಕಟ್ಟಿಕೊಂಡರೆ ಜಾಸ್ತಿ.

ತಮ್ಮ: ಈ ಉಪಾಯ ಯಾರು ಕಂಡುಹಿಡಿದದ್ದು?

ಅಕ್ಕ: ಜರ್ಮನಿಯಲ್ಲಿ ಹುಟ್ಟಿದ್ದು. ಡ್ಯೂಸೆಲ್‌ಡಾರ್ಫ್ ಊರಿನ ಲೋಬೆಕೆ ಮ್ಯೂಸಿಯಂನ ಅಕ್ವೇರಿಯಂನಲ್ಲಿದ್ದ ರೋಲ್ಫ್ ಹೆಬಿಂಗ್‌ಹೌಸ್ 1990ರ ದಶಕದಲ್ಲಿ ಇದನ್ನು ಹವಳದ ತೊಟ್ಟಿಗೆ ಒಗ್ಗಿಸಿದರು. ಅದಕ್ಕೂ ಮೊದಲು ಅಲ್ಲಿನವರು ಸುಣ್ಣದ ತಿಳಿ ಬಳಸುತ್ತಿದ್ದರು. ಅದನ್ನು 1970ರ ದಶಕದಲ್ಲಿ ರೂಢಿಗೆ ತಂದವರು ಪೀಟರ್ ವಿಲ್ಕೆನ್ಸ್. ಸುಣ್ಣದ ತಿಳಿಯ ಮಾತು ಆಮೇಲೆ ಬರುತ್ತದೆ, ಈ ಪಿಎಚ್ ವಿಷಯದಲ್ಲಿ ಅದು ಇವತ್ತಿಗೂ ಉಪಯೋಗಕ್ಕಿದೆ.

ತಮ್ಮ: ನನ್ನ ಕಂಟ್ರೋಲರ್‌ನಲ್ಲಿ ಎರಡು ಪಿಎಚ್ ಕಾಣುತ್ತದೆ. ತೊಟ್ಟಿಯದು ಒಂದು, ರಿಯಾಕ್ಟರ್‌ನದು ಒಂದು. ಎರಡನ್ನೂ ಸರಿಯಾದ ಅಂಕಿಗೆ ತಂದು ನಿಲ್ಲಿಸಬೇಕು ಅಂತ ಒದ್ದಾಡುತ್ತಿದ್ದೇನೆ. ರಿಯಾಕ್ಟರ್ 6.60, ತೊಟ್ಟಿ 8.20. ಇಲ್ಲಿ ಸರಿಮಾಡಿದರೆ ಅಲ್ಲಿ ಕೆಡುತ್ತದೆ.

ಅಕ್ಕ: ಎರಡೂ ಪಿಎಚ್ ಅಂತಲೇ ಕರೆಸಿಕೊಂಡರೂ ಅವು ಕೇಳುವ ಪ್ರಶ್ನೆ ಬೇರೆ ಬೇರೆ. ಕೊಳವೆಯ ಪಿಎಚ್ ಕೇಳುವುದು, ಮೀಡಿಯಾ ಕರಗುವಷ್ಟು ಹುಳಿ ಇದೆಯಾ ಅಂತ. ತೊಟ್ಟಿಯ ಪಿಎಚ್ ಕೇಳುವುದು, ಈ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು ಉಳಿದುಕೊಂಡಿದೆ ಅಂತ. ಹವಳಕ್ಕೆ ಊಟ ಸಾಕಾಗುತ್ತಿದೆಯಾ ಎಂಬ ಪ್ರಶ್ನೆಗೆ ಎರಡೂ ಉತ್ತರ ಹೇಳುವುದಿಲ್ಲ. ಅದನ್ನು ಹೇಳುವುದು ಕೆಎಚ್, ಕ್ಷಾರತೆ. ರಿಯಾಕ್ಟರ್ ಇರುವುದು ಕೆಎಚ್ ಮತ್ತು ಕ್ಯಾಲ್ಸಿಯಂ ಕಾಯ್ದುಕೊಳ್ಳಲು. ಹಾಗಾಗಿ ಅದನ್ನು ಹೆಚ್ಚು ಕಡಿಮೆ ಮಾಡುವ ಅಧಿಕಾರ ಕೆಎಚ್ ಒಂದಕ್ಕೇ ಇರಬೇಕು. ಪಿಎಚ್ ಅನ್ನು ಕಣ್ಣಿಟ್ಟು ಕಾಯಬೇಕು, ಅದರ ಹಿಂದೆ ಓಡಬಾರದು. ನನ್ನ ಮಾತಿನಲ್ಲಿ ನೀನು ಉಳಿಸಿಕೊಳ್ಳಬೇಕಾದ್ದು ಇದು.

ತಮ್ಮ: ಕ್ಯಾಲ್ಸಿಯಂ ರಿಯಾಕ್ಟರ್ ಅಂತ ಹೆಸರಿಟ್ಟು ಕೆಎಚ್ ಅಳೆಯುವುದು ಯಾಕೆ? ಕ್ಯಾಲ್ಸಿಯಂ ಅಳೆದರೆ ಆಗುವುದಿಲ್ಲವಾ?

ಅಕ್ಕ: ಲೆಕ್ಕ ಹಾಕಿ ನೋಡೋಣ. ಕೆಎಚ್ ಅಳೆಯುವ ಮಾನ ಡಿಕೆಎಚ್. ಹವಳ ಎಲುಬು ಕಟ್ಟುವಾಗ 1 ಡಿಕೆಎಚ್ ಖರ್ಚಾದರೆ ಅದರ ಜೊತೆ ಲೀಟರಿಗೆ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಖರ್ಚಾಗುತ್ತದೆ. ನಿನ್ನ ತೊಟ್ಟಿ ದಿನಕ್ಕೆ 2 ಡಿಕೆಎಚ್ ತಿನ್ನುತ್ತದೆ ಅಂದೆಯಲ್ಲ. ರಿಯಾಕ್ಟರ್ ಒಂದು ದಿನ ನಿಂತರೆ ಕೆಎಚ್ 8ರಿಂದ 6ಕ್ಕೆ ಬೀಳುತ್ತದೆ, ಕಾಲುಭಾಗ ಹೋಯಿತು. ಕ್ಯಾಲ್ಸಿಯಂ 420ರಿಂದ 406ಕ್ಕೆ ಬರುತ್ತದೆ. ನಿನ್ನ ಟೆಸ್ಟ್ ಕಿಟ್ಟಿಗೆ ಆ 14ರ ವ್ಯತ್ಯಾಸ ಸರಿಯಾಗಿ ಕಾಣುವುದೇ ಕಷ್ಟ. ಮೊದಲು ಕೂಗಿ ಹೇಳುವುದು ಕೆಎಚ್.

ತಮ್ಮ: ಹಾಗಾದರೆ ಎಷ್ಟು ಹನಿ ಬಿಡಬೇಕು, ಎಷ್ಟು ಗುಳ್ಳೆ ಬಿಡಬೇಕು ಅಂತ ಇದರಿಂದಲೇ ಗೊತ್ತಾಗುತ್ತದಾ?

ಅಕ್ಕ: ಗೊತ್ತಾಗುತ್ತದೆ. ನಿನ್ನಲ್ಲಿ ನೀರು 400 ಲೀಟರ್ ಅಂತ ಇಟ್ಟುಕೋ. ದಿನಕ್ಕೆ 2 ಡಿಕೆಎಚ್ ಅಂದರೆ ಸುಮಾರು 14 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಬೇಕು. ಕೊಳವೆಯಿಂದ ಹೊರಬರುವ ನೀರಿನ ಕೆಎಚ್ ಅಳೆದರೆ 30 ಬಂತು ಅಂತ ಇಟ್ಟುಕೋ. ತೊಟ್ಟಿಯದು 8. ಪ್ರತಿ ಲೀಟರೂ ಹೊಸದಾಗಿ 22 ಡಿಕೆಎಚ್ ಹೊತ್ತು ತರುತ್ತದೆ. 400 ಲೀಟರಿಗೆ 2ರಂತೆ 800, ಅದನ್ನು 22ರಿಂದ ಭಾಗಿಸಿದರೆ ದಿನಕ್ಕೆ 36 ಲೀಟರ್ ಚಿಲ್ಲರೆ. ನಿಮಿಷಕ್ಕೆ 25 ಮಿಲಿಲೀಟರ್. ಅಡುಗೆಮನೆಯ ಅಳತೆ ಲೋಟ, ಒಂದು ಗಡಿಯಾರ ಇದ್ದರೆ ಹರಿವು ಅಳೆಯಬಹುದು. ಇಷ್ಟು ನೀರು ಬಿಟ್ಟು, ಆಮೇಲೆ ಗುಳ್ಳೆಗಳನ್ನು ನಿಧಾನವಾಗಿ ಹೆಚ್ಚಿಸುತ್ತ ಕೊಳವೆಯ ಪಿಎಚ್ ಅನ್ನು 6.8ರಿಂದ ಕೆಳಗೆ ತರಬೇಕು. ಹೊರಬರುವ ನೀರಿನಲ್ಲಿ 30 ಸಿಕ್ಕಿತಾ, ಅಲ್ಲಿಗೆ ನಿಲ್ಲಿಸು. ಅದು 6.6ರಲ್ಲಿ ಸಿಕ್ಕರೂ ಸರಿ, 6.7ರಲ್ಲಿ ಸಿಕ್ಕರೂ ಸರಿ. 6.60 ಎಂಬ ಅಂಕಿಗೆ ಯಾವ ಪಾವಿತ್ರ್ಯವೂ ಇಲ್ಲ.

ತಮ್ಮ: ಇನ್ನೂ ಕೆಳಗೆ ಇಳಿಸಿದರೆ ಇನ್ನೂ ಜಾಸ್ತಿ ಕರಗುತ್ತದೆ, ಅಷ್ಟೇ ಅಲ್ಲವಾ?

ಅಕ್ಕ: ಕರಗುತ್ತದೆ, ಆಮೇಲೆ ಅಂಬಲಿಯಾಗುತ್ತದೆ. 6.2, 6.3ಕ್ಕೆ ಇಳಿದರೆ ಮೀಡಿಯಾದ ತುಂಡುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಣ್ಣ ಕಾಳಿನ ಮೀಡಿಯಾ ಇನ್ನೂ ಬೇಗ. ನೀರು ಎಲ್ಲ ಕಡೆ ಹರಿಯದೆ ಒಂದೇ ದಾರಿ ಮಾಡಿಕೊಂಡು ಹೋಗುತ್ತದೆ, ಹೊರಬರುವ ಕೊಳವೆ ಕಟ್ಟಿಕೊಳ್ಳುತ್ತದೆ. ಅಷ್ಟೇ ಅಲ್ಲ, ಅಷ್ಟು ಹುಳಿಯಾದ ನೀರಿನಲ್ಲಿ ಕರಗಿಸುವ ಕೆಲಸಕ್ಕೆ ಬಾರದೆ ಉಳಿದ ಅನಿಲ ಬೇಕಾದಷ್ಟಿರುತ್ತದೆ. ಅದು ನೇರ ತೊಟ್ಟಿಗೆ ಹೋಗುತ್ತದೆ. ಅದಕ್ಕೇ ಇಲ್ಲಿ ಎರಡನೇ ಕೊಳವೆ ಇಟ್ಟಿರುವುದು. ಮೊದಲನೆಯದರಿಂದ ಹೊರಟ ನೀರು ಇದರೊಳಗಿನ ಮೀಡಿಯಾ ಮೂಲಕ ಹಾದು ಬರುತ್ತದೆ. ಉಳಿದ ಅನಿಲ ಇಲ್ಲಿ ಇನ್ನಷ್ಟು ಮೀಡಿಯಾ ಕರಗಿಸಿ ಖರ್ಚಾಗುತ್ತದೆ, ಹೊರಬರುವ ನೀರಿನ ಪಿಎಚ್ 7ರ ಹತ್ತಿರಕ್ಕೆ ಏರುತ್ತದೆ. ಆ ಹನಿಯನ್ನು, ನೀರಿಗೆ ಗಾಳಿ ಬೆರೆಸಿ ಕೊಳೆ ತೆಗೆಯುವ ಸ್ಕಿಮ್ಮರ್‌ನ ಬಾಯಿಯ ಹತ್ತಿರ ಬೀಳಿಸಿದರೆ ಮಿಕ್ಕ ಅನಿಲ ಗಾಳಿಗೆ ಹೋಗಲು ಇನ್ನೂ ಸುಲಭ.

ತಮ್ಮ: ನನ್ನ ಕಂಟ್ರೋಲರ್ ಹೇಗೆಂದರೆ, ಕೊಳವೆಯ ಪಿಎಚ್ 6.60ಕ್ಕೆ ಇಳಿದರೆ ಅನಿಲದ ವಾಲ್ವ್, ಅಂದರೆ ಸೊಲೆನಾಯ್ಡ್, ಮುಚ್ಚುತ್ತದೆ, ಏರಿದರೆ ತೆರೆಯುತ್ತದೆ. ದಿನವಿಡೀ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿರುತ್ತದೆ. ಆದರೂ ಅದು ಇರುವುದರಿಂದ ಧೈರ್ಯ.

ಅಕ್ಕ: ಆ ಧೈರ್ಯ ನಿಂತಿರುವುದು ಒಂದು ಗಾಜಿನ ಗುಳ್ಳೆಯ ಮೇಲೆ. ಕೊಡು ಇಲ್ಲಿ, ಪಿಎಚ್ ಅಳೆಯುವ ನಿನ್ನ ಹಳೆಯ ಪ್ರೋಬ್ ತಂದಿದ್ದೀಯಲ್ಲ. ತುದಿಯನ್ನು ಬೆಳಕಿಗೆ ಹಿಡಿ. ಗುಂಡಗಿನ ತೆಳು ಗಾಜು ಕಾಣುತ್ತದಾ? ಅದರ ಬುಡದಲ್ಲಿ ಉಗುರಿಗೆ ಸಿಕ್ಕುವ ಹಾಗೆ ಬಿಳಿ ಹೊರೆ ಕಟ್ಟಿದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಕೆರೆಯಬೇಡ, ಗಾಜು ಗೀರುತ್ತದೆ. ಆ ಬುಡದಲ್ಲೇ ಒಂದು ಸಣ್ಣ ರಂಧ್ರವಿರುವ ಬಿಲ್ಲೆ ಇದೆ. ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಹೊರಗಿನ ನೀರನ್ನು ಮುಟ್ಟುವುದು ಅದರ ಮೂಲಕ. ಅದು ಮುಚ್ಚಿಹೋದರೆ ಅಂಕಿ ತೇಲಲು ಶುರುವಾಗುತ್ತದೆ.

ತಮ್ಮ: ತೇಲುವುದು ಅಂದರೆ ಎಷ್ಟು?

ಅಕ್ಕ: ಪ್ರೋಬ್ ಅಳೆಯುವುದು ಪಿಎಚ್ ಅಲ್ಲ, ಮಿಲಿವೋಲ್ಟ್. ಪಿಎಚ್ 7ರಲ್ಲಿ ಸೊನ್ನೆ. ಅಲ್ಲಿಂದ ಒಂದು ಪಿಎಚ್ ಮೇಲೆ ಅಥವಾ ಕೆಳಗೆ ಹೋದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 59 ಮಿಲಿವೋಲ್ಟ್. ಬರೀ 12 ಮಿಲಿವೋಲ್ಟ್ ಆಚೀಚೆ ಆದರೆ 0.2ರಷ್ಟು ತಪ್ಪು. ಕೊಳವೆಯೊಳಗೆ ನಿಜದಲ್ಲಿ 6.4 ಇರುವಾಗ ನಿನಗೆ 6.6 ಕಾಣುತ್ತಿರಬಹುದು. ಪಕ್ಕದಲ್ಲಿ ಪಂಪು, ಹೀಟರ್ ಇದ್ದು ಅವುಗಳಿಂದ ನೀರಿಗೆ ಸೋರುವ ವಿದ್ಯುತ್ತಿನಿಂದಲೂ ಹೀಗೆ ಆಗುವುದುಂಟು. ಪಂಪು ಆರಿಸಿದ ಕೂಡಲೇ ಪಿಎಚ್ ಜಿಗಿದರೆ ಅದೇ ಕಾರಣ ಅಂತ ತಿಳಿ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಗಾಜು ಬಿರುಕು ಬಿಟ್ಟರೆ, ಕೇಬಲ್ಲಿನೊಳಗೆ ತೇವ ಸೇರಿದರೆ ಪ್ರೋಬ್ ಸಾಯುತ್ತದೆ. ಸತ್ತ ಪ್ರೋಬ್ ಏನು ತೋರಿಸುತ್ತದೆ ಹೇಳು?

ತಮ್ಮ: ಸೊನ್ನೆ ಮಿಲಿವೋಲ್ಟ್... ಅಯ್ಯೋ, 7!

ಅಕ್ಕ: ಹೌದು. ಗಟ್ಟಿಯಾಗಿ 7.0 ಅಂತ ನಿಂತುಬಿಡುತ್ತದೆ. ಕಂಟ್ರೋಲರ್ ಪಾಲಿಗೆ ಅದು ಇನ್ನೂ ಹುಳಿಯಾಗದ ನೀರು. 6.60ಕ್ಕೆ ಇಳಿಯಲಿ ಅಂತ ಸೊಲೆನಾಯ್ಡ್ ತೆರೆದುಕೊಂಡೇ ಇರುತ್ತದೆ, ಅನಿಲ ಹರಿಯುತ್ತಲೇ ಇರುತ್ತದೆ. ರಿಯಾಕ್ಟರ್‌ನ ಪ್ರೋಬ್ ಕೆಟ್ಟಾಗ ಸುರಕ್ಷಿತವಾದ ಕಡೆಗೆ ಕೆಡುವುದಿಲ್ಲ, ಅಪಾಯದ ಕಡೆಗೇ ಕೆಡುತ್ತದೆ. ಅದಕ್ಕೇ ಗುಳ್ಳೆಗಳ ಲೆಕ್ಕವನ್ನು ಕಂಟ್ರೋಲರ್ ಕೈಗೆ ಪೂರ್ತಿ ಕೊಡಬಾರದು ಅಂತ ನಾನು ಹೇಳುವುದು. ಸೂಜಿ ವಾಲ್ವ್ ತಿರುಗಿಸಿ, ಕೊಳವೆ ತಾನಾಗಿ 6.6ರಲ್ಲಿ ನಿಲ್ಲುವ ಹಾಗೆ ಗುಳ್ಳೆ ಹೊಂದಿಸು. ಕಂಟ್ರೋಲರ್‌ಗೆ 6.4 ಕೊಟ್ಟಿಡು. ದಿನನಿತ್ಯದ ಕೆಲಸ ವಾಲ್ವ್‌ನದು, ಕಂಟ್ರೋಲರ್ ಕಾವಲಿಗೆ ಮಾತ್ರ. ಆಗ ನಿನ್ನ ಟಕ್ ಟಕ್ ನಿಲ್ಲುತ್ತದೆ, ಪ್ರೋಬ್ ಸತ್ತರೂ ಗುಳ್ಳೆ ಹೆಚ್ಚಾಗುವುದಿಲ್ಲ.

ತಮ್ಮ: ತೊಟ್ಟಿಯ ಪ್ರೋಬ್ ಕೆಟ್ಟರೆ?

ಅಕ್ಕ: ಅದರ ಕಥೆ ಬೇರೆ. ಮುದಿಯಾದ ಪ್ರೋಬ್ ಪೂರ್ತಿ ಸಾಯುವ ಮೊದಲು ಮಂದವಾಗುತ್ತದೆ. 59 ಕೊಡಬೇಕಾದಲ್ಲಿ 47 ಕೊಡುತ್ತದೆ, ಅಂದರೆ ಎಂಬತ್ತು ಪರ್ಸೆಂಟು. ಕೊಳವೆಯೊಳಗೆ ಇದರಿಂದ ಹೆಚ್ಚು ತಪ್ಪಾಗುವುದಿಲ್ಲ, ಯಾಕೆಂದರೆ 6.6 ಅನ್ನುವುದು 7ರ ಪಕ್ಕದಲ್ಲೇ ಇದೆ. ತೊಟ್ಟಿಯಲ್ಲಿ ನಿಜವಾದ ಪಿಎಚ್ 8.2 ಇದ್ದರೆ ಅದೇ ಮಂದ ಪ್ರೋಬ್ 7.96 ತೋರಿಸುತ್ತದೆ. ಜನ ಗಾಬರಿಯಾಗಿ ಪಿಎಚ್ ಏರಿಸುವ ಪುಡಿ ತಂದು ಸುರಿಯುತ್ತಾರೆ. ಕೆಎಚ್ ಎಲ್ಲೋ ಹೋಗುತ್ತದೆ, ಹವಳದ ತುದಿ ಸುಟ್ಟ ಹಾಗೆ ಬೆಳ್ಳಗಾಗುತ್ತದೆ. ನೀರಿಗೆ ಏನೂ ಆಗಿರಲಿಲ್ಲ, ಗಾಜು ಹಳೆಯದಾಗಿತ್ತು. ಇಂಥ ಪ್ರಾಣಹಾನಿ ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಆ ಪ್ರಾಣಿಗಳು ನಮ್ಮನ್ನು ನಂಬಿ ಬಂದವಲ್ಲ, ನಾವು ತಂದಿಟ್ಟುಕೊಂಡವು.

ತಮ್ಮ: ಕ್ಯಾಲಿಬ್ರೇಷನ್ ನಾನು ಮಾಡಿದ್ದೆ, ಪ್ರೋಬ್ ಹೊಸದಾಗಿದ್ದಾಗ.

ಅಕ್ಕ: ತಿಂಗಳಿಗೊಮ್ಮೆ ಮಾಡು. ಈಗಲೇ ಮಾಡಿ ತೋರಿಸುತ್ತೇನೆ. ಮೊದಲು ಬಿಳಿ ವಿನೆಗರ್‌ನಲ್ಲಿ ತುದಿಯನ್ನು ಅದ್ದಿಡು, ಹೊರೆ ನೊರೆಯಾಗಿ ಬಿಡುತ್ತದೆ. ಚೆನ್ನಾಗಿ ತೊಳೆದು, ಮೆತ್ತನೆಯ ಕಾಗದಕ್ಕೆ ಒತ್ತಿ ನೀರು ತೆಗೆ, ಉಜ್ಜಬೇಡ. ಆಮೇಲೆ 7.00ರ ದ್ರಾವಣ. ಅಂಕಿ ನಿಲ್ಲುವ ತನಕ ಕಾಯಿ. ಒಳ್ಳೆಯ ಪ್ರೋಬ್ ಒಂದು ನಿಮಿಷದೊಳಗೆ ನಿಲ್ಲುತ್ತದೆ, ಹಳೆಯದು ತೆವಳುತ್ತ ಹೋಗುತ್ತದೆ. ತೆವಳುವುದೇ ಮೊದಲ ಸೂಚನೆ. ಎರಡನೇ ದ್ರಾವಣ ಯಾವುದು ಅಂತ ಜನ ಯೋಚಿಸುವುದಿಲ್ಲ. ತೊಟ್ಟಿಯ ಪ್ರೋಬ್‌ಗೆ 10, ರಿಯಾಕ್ಟರ್‌ನ ಪ್ರೋಬ್‌ಗೆ 4. ಅಳೆಯುವ ನೀರು ಆ ಎರಡು ಅಂಕಿಗಳ ನಡುವೆ ಬರಬೇಕು. 10ರ ದ್ರಾವಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಬೇಗ ಕೆಡುತ್ತದೆ, ಬಳಸಿದ್ದನ್ನು ಮತ್ತೆ ಬಾಟಲಿಗೆ ಸುರಿಯಬಾರದು. ಒಮ್ಮೆ ಬಳಸಿ ಬಿಸಾಡುವ ಸಣ್ಣ ಪೊಟ್ಟಣ ಸಿಕ್ಕಿದರೆ ಅದೇ ಒಳ್ಳೆಯದು. ಎರಡೂ ಆದ ಮೇಲೆ ನಿನ್ನ ಮೀಟರ್ ಸ್ಲೋಪ್ ಎಷ್ಟು ಪರ್ಸೆಂಟು ಅಂತ ತೋರಿಸುತ್ತದೆ, ಅಂದರೆ ಆ 59ರಲ್ಲಿ ಪ್ರೋಬ್ ಎಷ್ಟು ಪಾಲು ಕೊಡುತ್ತಿದೆ ಅಂತ. 95ರ ಮೇಲಿದ್ದರೆ ನಿಶ್ಚಿಂತೆ. 85ಕ್ಕಿಂತ ಕೆಳಗೆ ಬಂದರೆ ಆ ಪ್ರೋಬ್ ಸಾಕು ಅಂತ ಬಿಟ್ಟುಬಿಡು. ಎಷ್ಟು ಚೆನ್ನಾಗಿ ನೋಡಿಕೊಂಡರೂ ಒಂದು, ಎರಡು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಇನ್ನೊಂದು ಮಾತು, ಪ್ರೋಬ್ ತೆಗೆದಿಡುವಾಗ ಶುದ್ಧೀಕರಿಸಿದ ನೀರಿನಲ್ಲಿ ಇಡಬೇಡ, ಒಳಗಿನ ಉಪ್ಪು ಹೊರಗೆ ಹೋಗಿಬಿಡುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡು.

ತಮ್ಮ: 7.9ಕ್ಕೂ 8.2ಕ್ಕೂ ಇಷ್ಟು ಸಣ್ಣ ವ್ಯತ್ಯಾಸ, ಅದಕ್ಕೆ ಇಷ್ಟೆಲ್ಲ ಯಾಕೆ ಅಂತಲೂ ಒಮ್ಮೊಮ್ಮೆ ಅನಿಸುತ್ತದೆ.

ಅಕ್ಕ: ಸಣ್ಣದಲ್ಲ. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಈ ಮಾನವನ್ನು ರೂಪಿಸಿದಾಗಲೇ ಅದು ಲಾಗರಿದಮ್‌ನ ಲೆಕ್ಕ. 0.3 ಇಳಿದರೆ ನೀರಿನಲ್ಲಿ ಹೈಡ್ರೋಜನ್ ಅಯಾನುಗಳು ಎರಡು ಪಟ್ಟು. ಕೈಗಾರಿಕಾ ಕ್ರಾಂತಿಯ ನಂತರ ಸಮುದ್ರದ ಮೇಲ್ಪದರದ ಪಿಎಚ್ ಇಳಿದಿರುವುದು 0.1ರಷ್ಟು. ಅಷ್ಟಕ್ಕೇ ಜಗತ್ತಿನ ಹವಳ ವಿಜ್ಞಾನಿಗಳು ಆತಂಕಗೊಂಡಿದ್ದಾರೆ. ಅರಿಜೋನಾದ ಬಯೋಸ್ಫಿಯರ್ 2ರಲ್ಲಿ ಕಟ್ಟಿದ್ದ ದೊಡ್ಡ ಸಮುದ್ರದ ತೊಟ್ಟಿಯಲ್ಲಿ ಕ್ರಿಸ್ ಲ್ಯಾಂಗ್ಡನ್ ಮತ್ತು ಅವರ ಜೊತೆಗಾರರು, ನೀರಿನ ರಸಾಯನ ಬದಲಾದ ಹಾಗೆ ಹವಳ ಎಲುಬು ಕಟ್ಟುವ ವೇಗವೂ ಬದಲಾಗುತ್ತದೆ ಅಂತ ತೋರಿಸಿದರು. ಆದರೆ ತೊಟ್ಟಿಯಲ್ಲಿ ನಮಗೆ ಒಂದು ಅನುಕೂಲ ಇದೆ. ಕೆಎಚ್ ಅನ್ನು ಸಮುದ್ರದ 7ರ ಬದಲು 8, 9ರಲ್ಲಿ ಇಟ್ಟುಕೊಂಡರೆ 7.9ರಲ್ಲೂ ಹವಳ ಚೆನ್ನಾಗಿ ಕಟ್ಟುತ್ತದೆ. ಬೆಳಗಿನ ಪಿಎಚ್ 7.8ರ ಮೇಲಿದ್ದರೆ ನಾನು ಕೈ ಹಾಕುವುದಿಲ್ಲ. 7.7ರ ಕೆಳಗೆ ಹೋಗುತ್ತಿದೆ ಅಂದರೆ ಕಾರಣ ಹುಡುಕಲೇಬೇಕು.

ತಮ್ಮ: ನನ್ನಲ್ಲಿ ಬೇಸಿಗೆಯಲ್ಲಿ 8.1 ಇರುತ್ತಿತ್ತು. ಡಿಸೆಂಬರ್ ಬಂದ ಮೇಲೆ 7.75. ರಿಯಾಕ್ಟರ್ ಹಾಕಿದ್ದು ಅಕ್ಟೋಬರ್‌ನಲ್ಲಿ. ಅದಕ್ಕೇ ರಿಯಾಕ್ಟರ್ ಮೇಲೆ ಅನುಮಾನ.

ಅಕ್ಕ: ಡಿಸೆಂಬರ್‌ನಲ್ಲಿ ಮತ್ತೇನು ಬದಲಾಯಿತು? ಮಿನೆಸೋಟಾದಲ್ಲಿ ಡಿಸೆಂಬರ್ ಅಂದರೆ ಒಂದು ಕಿಟಕಿಯೂ ತೆರೆಯುವುದಿಲ್ಲ. ಅಪ್ಪ, ಅಮ್ಮನೂ ಬಂದು ನಿಮ್ಮ ಮನೆಯಲ್ಲೇ ಇದ್ದಾರೆ. ನೀವು ಆರು ಜನ, ಗ್ಯಾಸ್ ಒಲೆ ಬೇರೆ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 420ರ ಮೇಲಿದೆ. ಮುಚ್ಚಿದ ಮನೆಯೊಳಗೆ ಅದು ಸಾವಿರ ದಾಟುವುದು ಸಾಮಾನ್ಯ. ನೀರಿನ ಕೆಎಚ್ ಅಷ್ಟೇ ಇದ್ದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ಪಿಎಚ್ 0.3 ಇಳಿಯುತ್ತದೆ. ನಿನ್ನ 8.1ಕ್ಕೂ 7.75ಕ್ಕೂ ನಡುವಿನ ಅಂತರ ಬಹುಪಾಲು ಅಲ್ಲೇ ಸಿಕ್ಕಿತಲ್ಲ.

ತಮ್ಮ: ರಿಯಾಕ್ಟರ್‌ನದೆಷ್ಟು, ಮನೆಯದೆಷ್ಟು ಅಂತ ಬಿಡಿಸಿ ನೋಡುವುದು ಹೇಗೆ?

ಅಕ್ಕ: ರಸಾಯನ ವಿಜ್ಞಾನಿ ರ‍್ಯಾಂಡಿ ಹೋಮ್ಸ್ ಫಾರ್ಲಿ ಹವಳ ಸಾಕುವವರಿಗೆ ಹೇಳಿಕೊಟ್ಟ ಸುಲಭ ಪರೀಕ್ಷೆ ಇದೆ. ಒಂದು ಲೋಟ ತೊಟ್ಟಿಯ ನೀರು ತೆಗೆದು ಅದರ ಪಿಎಚ್ ಬರೆದುಕೋ. ಹೊರಗಿನ ಗಾಳಿಯನ್ನು ಏರ್ ಪಂಪಿನಿಂದ ಒಂದು ಗಂಟೆ ಅದರಲ್ಲಿ ಬುಡಬುಡಿಸಿ ಮತ್ತೆ ಅಳೆ. ಇನ್ನೊಂದು ಲೋಟದ ನೀರಿಗೆ ಮನೆಯೊಳಗಿನ ಗಾಳಿ. ಹೊರಗಿನ ಗಾಳಿಗೆ ಪಿಎಚ್ ಏರಿತು, ಒಳಗಿನ ಗಾಳಿಗೆ ಏರಲಿಲ್ಲ ಅಂದರೆ ದೋಷ ಮನೆಯ ಗಾಳಿಯದು. ಒಳಗಿನ ಗಾಳಿಗೂ ಚೆನ್ನಾಗಿ ಏರಿತು ಅಂದರೆ ತೊಟ್ಟಿಯಲ್ಲಿ ಅನಿಲ ಹೊರಹೋಗುವ ವ್ಯವಸ್ಥೆ ಸಾಲದು, ಅಥವಾ ರಿಯಾಕ್ಟರ್‌ನಿಂದ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿದೆ. ಇಲ್ಲಿಯ ಚಳಿಯಲ್ಲಿ ಲೋಟ ಹೊರಗಿಟ್ಟರೆ ನೀರು ತಣ್ಣಗಾಗಿ ಅಳತೆಯೇ ಕೆಡುತ್ತದೆ. ನೀರನ್ನು ಒಳಗೇ ಇಡು, ಗಾಳಿಯ ಕೊಳವೆಯನ್ನು ಮಾತ್ರ ಕಿಟಕಿಯ ಸಂದಿಯಿಂದ ತೆಗೆದುಕೋ.

ತಮ್ಮ: ಮನೆಯ ಗಾಳಿಯೇ ಕಾರಣ ಅಂತಾದರೆ? ಜನವರಿಯಲ್ಲಿ ಕಿಟಕಿ ತೆರೆದರೆ ಅಮ್ಮ ಬಿಡುತ್ತಾಳಾ!

ಅಕ್ಕ: ಸ್ಕಿಮ್ಮರ್ ಗಾಳಿ ಎಳೆಯುವ ಸಣ್ಣ ಕೊಳವೆಯನ್ನು ಗೋಡೆಯ ಮೂಲಕ ಹೊರಗೆ ಬಿಡು, ನಾನು ಮಾಡಿರುವುದು ಹಾಗೆ. ನೋಡು, ಆ ಬಿಳಿ ಪೈಪು. ಅದಕ್ಕೆ ದಾರಿಯಿಲ್ಲದಿದ್ದರೆ ಸ್ಕಿಮ್ಮರ್‌ನ ಗಾಳಿಯನ್ನು ಸೋಡಾ ಲೈಮ್ ತುಂಬಿದ ಡಬ್ಬಿಯ ಮೂಲಕ ಎಳೆಸಬಹುದು, ಅದು ಅನಿಲವನ್ನು ಹೀರುತ್ತದೆ. ಆದರೆ ಕಾಳು ಬಣ್ಣ ತಿರುಗಿದಾಗ ಬದಲಿಸುತ್ತಿರಬೇಕು, ಖರ್ಚಿನ ಬಾಬತ್ತು. ಸಂಪಿನಲ್ಲಿ ಕೀಟೊಮಾರ್ಫಾ ಪಾಚಿ ಬೆಳೆಸಿ ಅದರ ದೀಪವನ್ನು ರಾತ್ರಿ ಹೊತ್ತು ಉರಿಸಿದರೆ ರಾತ್ರಿಯ ಇಳಿತ ಕಡಿಮೆಯಾಗುತ್ತದೆ. ಇನ್ನು ಸುಣ್ಣದ ತಿಳಿ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಸುಡುವಾಗ ಚಿಪ್ಪಿನ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿರುತ್ತದೆ. ಹಾಗಾಗಿ ಸುಣ್ಣದ ತಿಳಿ ತೊಟ್ಟಿಗೆ ಬಿದ್ದ ಕೂಡಲೇ ಆ ಅನಿಲವನ್ನು ಮತ್ತೆ ಹಿಡಿದುಕೊಳ್ಳುತ್ತದೆ, ಜೊತೆಗೆ ಕ್ಯಾಲ್ಸಿಯಂ ಕೊಡುತ್ತದೆ. ಆವಿಯಾದ ನೀರಿನ ಬದಲಿಗೆ ಅದನ್ನು ರಾತ್ರಿ ಹನಿಹನಿಯಾಗಿ ಬಿಟ್ಟರೆ ರಿಯಾಕ್ಟರ್‌ನ ಹುಳಿಗೆ ಸರಿಹೋಗುತ್ತದೆ. ಅದರ ಪಿಎಚ್ 12ರ ಮೇಲಿರುತ್ತದೆ, ಒಮ್ಮೆಲೆ ಸುರಿದರೆ ತೊಟ್ಟಿ ಮುಗಿಯಿತು. ಶುದ್ಧವಾದ, ಆಹಾರಕ್ಕೆ ಬಳಸುವ ದರ್ಜೆಯ ಸುಣ್ಣವನ್ನೇ ತೆಗೆದುಕೋ.

ತಮ್ಮ: ಸಿಲಿಂಡರ್ ಬಗ್ಗೆ ಏನೂ ಹೇಳಲಿಲ್ಲ. ಗೇಜ್ ಯಾವಾಗ ನೋಡಿದರೂ 800 ಪಿಎಸ್‌ಐ, ಅಂದರೆ ತುಂಬಿದೆ ಅಂತ ಸುಮ್ಮನಿದ್ದೇನೆ.

ಅಕ್ಕ: ಅಡುಗೆ ಗ್ಯಾಸಿನ ಸಿಲಿಂಡರ್ ಹಾಗೆಯೇ ಇದೂ. ಒಳಗೆ ದ್ರವ ಇರುವ ತನಕ ಒತ್ತಡ ಕೋಣೆಯ ಬಿಸಿಯ ಮೇಲೆ ನಿಂತಿರುತ್ತದೆ, ಎಷ್ಟು ಉಳಿದಿದೆ ಅನ್ನುವುದರ ಮೇಲಲ್ಲ. ಗೇಜ್ ಇಳಿಯಲು ಶುರುವಾಯಿತು ಅಂದರೆ ದ್ರವ ಮುಗಿದಿದೆ. ಆ ಹೊತ್ತಿನಲ್ಲಿ ಅಗ್ಗದ, ಒಂದೇ ಹಂತದ ರೆಗ್ಯುಲೇಟರ್ ಹೊರಗಿನ ಒತ್ತಡವನ್ನು ಏರಿಸಿಬಿಡುತ್ತದೆ, ಗುಳ್ಳೆಗಳು ಎಣಿಸಲಾರದಷ್ಟು ಆಗುತ್ತವೆ. ಒಂದು ರಾತ್ರಿಯಲ್ಲಿ ತೊಟ್ಟಿ ಹೋದ ಉದಾಹರಣೆಗಳಿವೆ. ಎರಡು ಹಂತದ ರೆಗ್ಯುಲೇಟರ್ ಹಾಕು, ಸಿಲಿಂಡರ್ ಅನ್ನು ತೂಕ ಹಾಕಿ ನೋಡು. ತೊಟ್ಟಿಯ ಪಿಎಚ್ 7.7ಕ್ಕೆ ಇಳಿದರೂ ಸೊಲೆನಾಯ್ಡ್ ಮುಚ್ಚುವ ಹಾಗೆ ಕಂಟ್ರೋಲರ್‌ಗೆ ಎರಡನೇ ಅಪ್ಪಣೆ ಬರೆದಿಡು. ಎರಡು ನೀರಿನಲ್ಲಿ ಎರಡು ಪ್ರೋಬ್ ಇರುವುದರ ನಿಜವಾದ ಲಾಭ ಅದು. ಒಂದು ಸತ್ತರೆ ಇನ್ನೊಂದು ಕಾಯುತ್ತದೆ.

ತಮ್ಮ: ಮನೆಯವರಿಗೇನೂ ಅಪಾಯ ಇಲ್ಲ ತಾನೆ?

ಅಕ್ಕ: ನಿನ್ನ ಐದು ಪೌಂಡಿನ ಸಿಲಿಂಡರ್‌ನಲ್ಲಿ ಇರುವುದು ಸುಮಾರು 1,250 ಲೀಟರ್ ಅನಿಲ. ಮುಚ್ಚಿದ ಸಣ್ಣ ನೆಲಮಾಳಿಗೆ ಕೋಣೆಯಲ್ಲಿ, 30 ಘನ ಮೀಟರ್ ಅಂತ ಇಟ್ಟುಕೊಂಡರೆ, ಅದೆಲ್ಲ ಒಮ್ಮೆಲೆ ಸೋರಿದರೆ ಗಾಳಿಯಲ್ಲಿ 4 ಪರ್ಸೆಂಟು. ಅಮೆರಿಕದ ಉದ್ಯೋಗ ಸುರಕ್ಷತಾ ಮಾನದಂಡದಲ್ಲಿ ಅದು ಜೀವಕ್ಕೆ ತಕ್ಷಣದ ಅಪಾಯ ಅಂತ ಗುರುತಿಸಿದ ಮಟ್ಟ. ಗಾಳಿಗಿಂತ ಭಾರವಾದ್ದರಿಂದ ನೆಲದ ಹತ್ತಿರ ಕೂರುತ್ತದೆ. ಮಕ್ಕಳು ಆಡುವುದು ಎಲ್ಲಿ ಅಂತ ನಿನಗೇ ಗೊತ್ತು. ಸಿಲಿಂಡರ್ ಅನ್ನು ನೆಟ್ಟಗೆ ನಿಲ್ಲಿಸಿ ಸರಪಳಿ ಕಟ್ಟು, ಕೀಲುಗಳಿಗೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡು, ಒಂದು ಕಾರ್ಬನ್ ಡೈಆಕ್ಸೈಡ್ ಅಲಾರಂ ತಂದು ಕೆಳಗಡೆ ಹಾಕು. ಅದೇ ಅಲಾರಂ ಮನೆಯ ಗಾಳಿಯ ಅಂಕಿಯನ್ನೂ ತೋರಿಸುತ್ತದೆ, ಚಳಿಗಾಲದ ಪಿಎಚ್ ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ತಮ್ಮ: ಮುಂದಿನ ವರ್ಷ ಬೆಂಗಳೂರಿಗೆ ಹೋದರೆ ಅಲ್ಲೂ ಇಂಥದ್ದೊಂದು ತೊಟ್ಟಿ ಮಾಡಬೇಕು ಅಂತ ಆಸೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆಯಂತಲ್ಲ.

ಅಕ್ಕ: ಇದೆ, ಅಲ್ಲೇ ಇರಲಿ. ನಮ್ಮ ದೇಶದ ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಒಂದು ತುಂಡು ಮುರಿದು ತರುವುದೂ ಅಪರಾಧ. ನೋಡಬೇಕು ಅನಿಸಿದರೆ ಮುಳುಗಿ ನೋಡಿ ಬಾ. ಈಗ ನಿನ್ನ ಹತ್ತಿರ ಇರುವ ಜೀವಗಳನ್ನು ಬದುಕಿಸಿಕೊಳ್ಳುವುದು ಮೊದಲು.

ತಮ್ಮ: ಸರಿ, ಮನೆಗೆ ಹೋದ ಕೂಡಲೇ ಏನು ಮಾಡಲಿ? ಒಂದೊಂದಾಗಿ ಹೇಳು.

ಅಕ್ಕ: ಗುಳ್ಳೆ ಮುಟ್ಟಬೇಡ, ಹರಿವು ಮುಟ್ಟಬೇಡ. ಒಂದು ವಾರ ದಿನವೂ ಒಂದೇ ಹೊತ್ತಿಗೆ ಕೆಎಚ್ ಅಳೆದು ಬರೆ. ದೀಪ ಹತ್ತುವ ಮುನ್ನ ಒಮ್ಮೆ, ಆರುವ ಮುನ್ನ ಒಮ್ಮೆ ಪಿಎಚ್ ಬರೆ. ಕೆಎಚ್ ಇಳಿಯುತ್ತಿದ್ದರೆ ಆಗ ಒಂದನ್ನು ಮಾತ್ರ ಬದಲಿಸು, ಹರಿವು ಅಥವಾ ಗುಳ್ಳೆ, ಎರಡನ್ನೂ ಒಟ್ಟಿಗೆ ಬೇಡ. ಬದಲಿಸಿದ ಮೇಲೆ ಎರಡು ದಿನ ಕಾಯಿ. ಕೆಎಚ್ ನಿಂತಿದ್ದರೆ, ಬೆಳಗಿನ ಪಿಎಚ್ 7.8ರ ಮೇಲಿದ್ದರೆ, ಏನನ್ನೂ ಬದಲಿಸಬೇಡ. ಮತ್ತೆ ಈ ಪ್ರೋಬ್ ವಾಪಸ್ ತೆಗೆದುಕೊಂಡು ಹೋಗಬೇಡ. ಇದರ ಸ್ಲೋಪ್ 78 ಬಂದಿದೆ. ನಾಳೆಯೇ ಎರಡು ಹೊಸದು ತರಿಸು, ಅಲ್ಲಿಯ ತನಕ ಸೊಲೆನಾಯ್ಡ್ ಆರಿಸಿಟ್ಟು ಹಳೆಯ ಬಾಟಲಿಯ ದ್ರಾವಣವನ್ನೇ ಹಾಕು. ನಾನು ಹೇಳಿದ ಆ ಒಂದು ವಾರದ ಲೆಕ್ಕ ಶುರುವಾಗುವುದು ಹೊಸ ಪ್ರೋಬ್ ಹಾಕಿ ರಿಯಾಕ್ಟರ್ ಮತ್ತೆ ನಡೆಸಿದ ಮೇಲೆ.